ಸೊಂಟದ ಕೀಲಿನ ಆಪರೇಷನ್: ಹಿಂದಿನಿಂದಲೋ, ಮುಂದಿನಿಂದಲೋ?

ಅಮ್ಮನಿಗೆ ಹಿಪ್ ರೀಪ್ಲೇಸ್‌ಮೆಂಟ್ (ಸವೆದ ಸೊಂಟದ ಕೀಲು ತೆಗೆದು ಕೃತಕ ಕೀಲು ಹಾಕುವುದು) ಆಗಬೇಕು, ಒಬ್ಬ ಡಾಕ್ಟರು ಹಿಂದಿನಿಂದ ಕೊಯ್ದು ಮಾಡುತ್ತೇನೆ ಅಂದರು, ಇನ್ನೊಬ್ಬರು ಮುಂದಿನಿಂದ ಅಂದರು, ಯಾವುದರಲ್ಲಿ ತೊಂದರೆ ಕಡಿಮೆ ಅಂತ ಕೇಳಿದ್ದೀರಿ. ನಾನು ಫಿಸಿಯೋಥೆರಪಿಸ್ಟ್. ಆಪರೇಷನ್ ಆದವರನ್ನು ಎಬ್ಬಿಸಿ ನಡೆಸುವುದೇ ನನ್ನ ಕೆಲಸ.

ಹಿಂದಿನಿಂದ ಮಾಡಿದಾಗ ಇರುವ ದೊಡ್ಡ ಭಯ ಕೀಲು ಜಾರುವುದು, ಅಂದರೆ ತೊಡೆಮೂಳೆಗೆ ಹಾಕಿದ ಗುಂಡು (ಬಾಲ್) ಸೊಂಟದ ಮೂಳೆಯಲ್ಲಿ ಕೂರಿಸಿದ ಬಟ್ಟಲಿನಿಂದ (ಕಪ್) ಹೊರಬರುವುದು. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಅಜ್ಜಿ ಮೂರನೇ ವಾರದಲ್ಲಿ ತಗ್ಗಾದ ದಿವಾನದ ಮೇಲೆ ಕೂತು, ಕೆಳಗೆ ಬಿದ್ದ ಕನ್ನಡಕಕ್ಕೆ ಬಗ್ಗಿದರು. ಮಂಡಿ ಒಳಕ್ಕೆ ತಿರುಗಿತು, ಕಟಕ್ ಅಂತು. ಹೋಗಿ ನೋಡಿದರೆ ಆ ಕಾಲು ಗಿಡ್ಡವಾಗಿ ಒಳಕ್ಕೆ ಹೊರಳಿಕೊಂಡಿತ್ತು. ಆ ನೋವು ನೋಡಲಾಗುವುದಿಲ್ಲ.

ಹಾಗಂತ ಆ ದಾರಿಯೇ ಕೆಟ್ಟದ್ದು ಅನ್ನಬೇಡಿ. ಒಳಗೆ ಹೋಗಲು ಕೀಲನ್ನು ಸುತ್ತಿರುವ ಚೀಲದ ಹಿಂಭಾಗ, ಅಲ್ಲಿನ ಸಣ್ಣ ಸ್ನಾಯುಗಳನ್ನು ಬಿಡಿಸುತ್ತಾರೆ. ಮುಗಿಸುವಾಗ ಅವನ್ನು ವಾಪಸ್ ಮೂಳೆಗೆ ಗಟ್ಟಿಯಾಗಿ ಹೊಲಿದರೆ ಜಾರುವುದು ತುಂಬಾ ಕಡಿಮೆಯಾಗುತ್ತದೆ. ಕಪ್ ಕೂರಿಸುವ ಕೋನವೂ ಮುಖ್ಯ. ಬಾಲ್‌ನ ಅಳತೆಯೂ ಅಷ್ಟೇ. 1960ರ ದಶಕದಲ್ಲಿ ಈ ಆಪರೇಷನ್‌ಗೆ ಇಂದಿನ ರೂಪ ಕೊಟ್ಟ ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಬಳಸಿದ ಬಾಲ್ ಸುಮಾರು 22 ಮಿಲಿಮೀಟರ್. ಈಗ 32, 36 ಸಾಮಾನ್ಯ. ಬಾಲ್ ದೊಡ್ಡದಾದಷ್ಟೂ ಕಪ್ ದಾಟಿ ಹೊರಬರಲು ಜಾಸ್ತಿ ದೂರ ಸರಿಯಬೇಕಲ್ವಾ?

ಮುಂದಿನಿಂದ ಮಾಡಿದರೆ ಸ್ನಾಯುಗಳ ಸಂದಿಯಲ್ಲೇ ಹೋಗುತ್ತಾರೆ. ಮೊದಲ ಕೆಲವು ವಾರ ಬೇಗ ನಡೆಯುತ್ತಾರೆ, ಆಮೇಲೆ ಎಲ್ಲರೂ ಹೆಚ್ಚುಕಮ್ಮಿ ಒಂದೇ. ಆದರೆ ತೊಡೆಯ ಹೊರಭಾಗ ಜೋಮು ಹಿಡಿದಂತೆ ಇರಬಹುದು. ಹೊಟ್ಟೆ ಮಡಿಕೆ ಬೀಳುವವರಿಗೆ ಗಾಯ ಒಣಗುವುದು ಕಷ್ಟ. ಈ ವಿಧಾನ ಹೊಸದಾಗಿ ಕಲಿಯುತ್ತಿರುವ ಸರ್ಜನ್ ಕೈಯಲ್ಲಿ ತೊಡೆಮೂಳೆ ಬಿರುಕು ಬಿಡುವ ಸಾಧ್ಯತೆಯೂ ಜಾಸ್ತಿ. ಪಕ್ಕದಿಂದ ಮಾಡುವವರೂ ಇದ್ದಾರೆ. ಅದರಲ್ಲಿ ಜಾರುವುದು ಕಡಿಮೆ, ಕೆಲವರಿಗೆ ಕುಂಟು ಉಳಿಯುತ್ತದೆ.

ಅದಕ್ಕೇ ನಾನಾಗಿದ್ದರೆ ಇಬ್ಬರು ಡಾಕ್ಟರನ್ನೂ ನೇರವಾಗಿ ಕೇಳುತ್ತಿದ್ದೆ: ನೀವು ವರ್ಷಕ್ಕೆ ಎಷ್ಟು ಹಿಪ್ ಮಾಡುತ್ತೀರಿ, ಅದರಲ್ಲಿ ಈ ವಿಧಾನದಲ್ಲಿ ಎಷ್ಟು? ಹಿಂದಿನಿಂದಾದರೆ ಚೀಲ ವಾಪಸ್ ಹೊಲಿಯುತ್ತೀರಾ? ಕೈ ಪಳಗಿದ ವಿಧಾನದಲ್ಲೇ ಮಾಡಿಸಿ. ಸುಮ್ನೆ ಜಾಹೀರಾತು ನೋಡಿ ವಿಧಾನ ಬದಲಿಸಲು ಒತ್ತಾಯಿಸಬೇಡಿ.

ಇನ್ನೊಂದು, ಅಮ್ಮನಿಗೆ ಮೊದಲೇ ಸೊಂಟದ ಬೆನ್ನುಮೂಳೆಗೆ ಸ್ಕ್ರೂ ಹಾಕಿದ್ದರೆ ತಪ್ಪದೆ ಹೇಳಿ. ಹಾಗೆ ಸ್ಕ್ರೂ ಹಾಕಿ ಬೆನ್ನು ಬಗ್ಗದವರಲ್ಲಿ ಕೂರುವಾಗ ಕೀಲೇ ಜಾಸ್ತಿ ಮಡಚಬೇಕು, ಜಾರುವ ಅಪಾಯ ಹೆಚ್ಚು. ಅಂಥವರಿಗೆ ಡ್ಯುಯಲ್ ಮೊಬಿಲಿಟಿ ಕಪ್ (ಎರಡು ಕಡೆ ತಿರುಗುವಂತೆ ಮಾಡಿ, ಸುಲಭಕ್ಕೆ ಜಾರದ ಕಪ್) ಹಾಕುವ ಬಗ್ಗೆ ಡಾಕ್ಟರು ಮೊದಲೇ ಯೋಚಿಸಬಹುದು.