ಹಸಿರು ಗುರುತು ಇದ್ದರೆ ಸೇಫ್ ಅಲ್ವಾ?

ಪ್ರಶ್ನೆ: ನಮ್ಮದು ಆಲೂಗಡ್ಡೆ ಬೆಳೆ. ಅಂಗಮಾರಿ ರೋಗಕ್ಕೆ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕ ಹೊಡೆಯುವಾಗ ನಮ್ಮ ಮಾವ ಬರಿಗೈಯಲ್ಲೇ ಡ್ರಮ್ಮಿನಲ್ಲಿ ಕಲಸುತ್ತಾರೆ. ಬೇಡ ಅಂದರೆ, ‘ಪ್ಯಾಕೆಟ್ ಮೇಲೆ ಹಸಿರು ಗುರುತು ಇದೆ, ಏನೂ ಆಗಲ್ಲ ಬಿಡಮ್ಮ’ ಎನ್ನುತ್ತಾರೆ. ಅವರು ಓದು ಬಲ್ಲವರು. ಆದರೂ ಯಾಕೆ ಹೀಗೆ?
– ಓದುಗರೊಬ್ಬರು, ಅರಕಲಗೂಡು

ಉತ್ತರ: ನಿಮ್ಮ ಮಾವನವರು ಗುರುತನ್ನು ಸರಿಯಾಗಿಯೇ ನೋಡಿದ್ದಾರಮ್ಮ. ಆದರೆ ಇಷ್ಟು ವರ್ಷ ಹಸಿರು ಬಣ್ಣ ಅವರಿಗೆ ಏನು ಹೇಳುತ್ತಾ ಬಂದಿದೆಯೋ ಅದನ್ನೇ ಅಲ್ಲೂ ಓದಿಕೊಂಡಿದ್ದಾರೆ. ಪೈರು ಹಸಿರಾಗಿದ್ದರೆ ನೆಮ್ಮದಿ. ಸಿಗ್ನಲ್ ಹಸಿರಾದರೆ ಗಾಡಿ ಬಿಡಬಹುದು.

ರೈತರ ತರಬೇತಿಗಳಲ್ಲಿ ನಾನು ತೊಳೆದ ಖಾಲಿ ಡಬ್ಬ, ಪ್ಯಾಕೆಟ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ‘ಈ ಗುರುತು ಏನು ಹೇಳುತ್ತೆ?’ ಎಂದು ಕೇಳುತ್ತೇನೆ. ಒಮ್ಮೆ ಒಬ್ಬ ಅಜ್ಜಿ ಹಸಿರು ತ್ರಿಕೋನದ ಪ್ಯಾಕೆಟ್ ಎತ್ತಿಕೊಂಡು, ‘ಇದು ಸಸ್ಯಾಹಾರಿ. ಬಿಸ್ಕತ್ ಮೇಲೂ ಇರುತ್ತಲ್ಲ’ ಎಂದರು. ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಅಜ್ಜಿ ದಿನಾ ನೋಡುವ ಹಸಿರು ಗುರುತು ಅದೊಂದೇ. ಒಬ್ಬ ಹುಡುಗ ಕೆಂಪು ಡಬ್ಬ ತಿರುಗಿಸಿ ನೋಡಿ, ‘ಇದಕ್ಕೆ ಪವರ್ ಜಾಸ್ತಿ, ಹುಳ ಉಳಿಯಲ್ಲ’ ಎಂದ.

ಅಸಲಿಗೆ ಆ ಬಣ್ಣಕ್ಕೂ ಹುಳಕ್ಕೂ ಸಂಬಂಧವೇ ಇಲ್ಲ. ಅದು ನಮಗಾಗುವ ಅಪಾಯದ ಲೆಕ್ಕ. 1971ರ ಕೀಟನಾಶಕ ನಿಯಮಗಳಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಎಂದು ನಾಲ್ಕು ದರ್ಜೆ ಇವೆ. ಪ್ರಯೋಗದ ಇಲಿಗಳಲ್ಲಿ ಅರ್ಧದಷ್ಟು ಸಾಯಲು ಎಷ್ಟು ವಿಷ ಬೇಕು ಎಂದು ನೋಡಿ ದರ್ಜೆ ಕೊಡುತ್ತಾರೆ. ಹೊಟ್ಟೆಗೆ ಹೋದಾಗ ಒಂದು ಕಿಲೋ ಮೈತೂಕಕ್ಕೆ 50 ಮಿಲಿಗ್ರಾಂ ಒಳಗೇ ಸತ್ತರೆ ಕೆಂಪು. 5000 ಮಿಲಿಗ್ರಾಂ ದಾಟಬೇಕಾದರೆ ಹಸಿರು. ಅಂದರೆ ಹಸಿರೂ ವಿಷದ ಪಟ್ಟಿಯಲ್ಲೇ ಇದೆ, ಕೊನೆಗಿದೆ ಅಷ್ಟೇ. ವರ್ಷಗಟ್ಟಲೆ ಬರಿಗೈಯಲ್ಲಿ ಕಲಸಿದರೆ ಏನಾಗುತ್ತೆ ಅನ್ನೋದನ್ನು ಆ ಬಣ್ಣ ಹೇಳುವುದೇ ಇಲ್ಲ. ಮ್ಯಾಂಕೋಜೆಬ್ ಕೆಲವರ ಚರ್ಮಕ್ಕೆ ಅಲರ್ಜಿ ಮಾಡುತ್ತದೆ. ನವೆ, ದದ್ದು ಶುರುವಾಗುತ್ತದೆ.

ವಾಸನೆಯದ್ದೂ ಇದೇ ಕತೆ. ಮೂಗಿಗೆ ಹೊಡೆಯುವ ಕೀಟನಾಶಕ ಸಿಂಪಡಿಸಿ ತಲೆ ಸುತ್ತಿ ಬಿದ್ದವರಿಗೆ ಗಬ್ಬು ವಾಸನೆಯೇ ಎಚ್ಚರಿಕೆ. ವಾಸನೆ ಬರದಿದ್ದರೆ ಮೂಗಿಗೆ ಟವೆಲ್ ಕೂಡ ಕಟ್ಟುವುದಿಲ್ಲ. ಇದು ನನಗೆ ನಿಜಕ್ಕೂ ಭಯ ತರಿಸುವ ವಿಷಯ.

ಮಾವನವರ ಹತ್ತಿರ ವಾದ ಮಾಡಬೇಡಿ. ಕೆಂಪಿನದೊಂದು, ಹಸಿರಿನದೊಂದು ಗುರುತನ್ನು ಅಕ್ಕಪಕ್ಕ ಇಟ್ಟು, ‘ಎರಡೂ ಒಂದೇ ಪಟ್ಟಿಯವು ಮಾವ’ ಎಂದು ತೋರಿಸಿ. ರಬ್ಬರ್ ಕೈಗವಸು ತಂದು ಡ್ರಮ್ಮಿನ ಪಕ್ಕದಲ್ಲೇ ಇಡಿ, ಕಲಸಲು ಒಂದು ಕೋಲು ಕೊಡಿ. ಮನೆಯಲ್ಲಿ ‘ಔಷಧಿ’ ಅನ್ನುವ ಬದಲು ‘ವಿಷ’ ಅಂತಲೇ ಹೇಳಿ, ಮಕ್ಕಳ ಕಿವಿಗೂ ಬೀಳಲಿ. ಇನ್ನೊಂದು ಮಾತು, ಇದನ್ನು ಮಾತ್ರ ಮರೆಯಬೇಡಿ. ಉಳಿದ ವಿಷವನ್ನು ಜ್ಯೂಸ್ ಬಾಟಲಿಗೆ ಸುರಿದು ಇಡಬೇಡಿ. ಆ ಬಾಟಲಿ ಕಂಡರೆ ಮಗುವಿಗೆ ಜ್ಯೂಸೇ ನೆನಪಾಗುವುದು.