ಮೊಸರಿನ ಪ್ಯಾರಾ ಇಟ್ಕೊಳ್ಳಿ, ಉಳಿದಿದ್ದು ತಿರುಗಾ ಬರೀರಿ

ನಮಸ್ಕಾರ. ನಿಮ್ಮ ‘ಭೂಮಿ ಬಿಸಿಯಾಗಲು ಮನುಷ್ಯನೇ ಕಾರಣವೇ? ಒಂದು ಚಿಂತನೆ’ ಲೇಖನ ಕೈಸೇರಿ ಮೂರು ವಾರ ಆಯ್ತು, ಲೇಟಾಗಿದ್ದಕ್ಕೆ ಬೇಜಾರು ಮಾಡ್ಕೋಬೇಡಿ. ಈಗಿರೋ ಹಾಗೇ ಇದನ್ನ ಹಾಕೋಕಾಗಲ್ಲ. ಆದ್ರೆ ವಾಪಸ್ ಕಳ್ಸೋಕೂ ಮನಸ್ಸು ಬರ್ಲಿಲ್ಲ, ಅದಕ್ಕೆ ಕಾರಣ ನಾಲ್ಕನೇ ಪೇಜಲ್ಲಿರೋ ಮೊಸರು. ಅದಕ್ಕೆ ಆಮೇಲೆ ಬರ್ತೀನಿ.

‘ಇಂದಿನ ಆಧುನಿಕ ಯುಗದಲ್ಲಿ’ ಅಂತ ಶುರು ಮಾಡಿದೀರಲ್ಲ, ಹೈಸ್ಕೂಲ್ ಪ್ರಬಂಧ ಸ್ಪರ್ಧೆ ನೆನಪಾಯ್ತು, ಅದನ್ನ ಹೊಡ್ದಾಕಿ. ಆಮೇಲೆ ಎರಡು ಪೇಜ್ ಪೂರ್ತಿ ‘ಕೆಲವು ವಿಜ್ಞಾನಿಗಳ ಪ್ರಕಾರ ಮನುಷ್ಯ, ಇನ್ನು ಕೆಲವರ ಪ್ರಕಾರ ಸೂರ್ಯ’ ಅಂತ ತಕ್ಕಡಿ ಹಿಡ್ಕೊಂಡು ಕೂತು, ಕೊನೆಗೆ ‘ತೀರ್ಮಾನ ಓದುಗರಿಗೆ ಬಿಟ್ಟದ್ದು’ ಅಂತ ಕೈ ತೊಳ್ಕೊಂಡಿದೀರ. ಗಾಂಧಿ ಬಜಾರಲ್ಲಿ ಯಾವ ಹೋಟ್ಲು ದೋಸೆ ಚೆನ್ನಾಗಿರತ್ತೆ ಅನ್ನೋದಾದ್ರೆ ಓದುಗರಿಗೆ ಬಿಡಿ. ಇದು ಅಳತೆ ಮಾಡಿ ನೋಡಿರೋ ವಿಷ್ಯ ರೀ.

ಸೂರ್ಯನಿಂದಾನೇ ಆಗಿದ್ರೆ ಗಾಳಿಯ ಕೆಳಗಿನ ಪದರ, ಮೇಲಿರೋ ಸ್ಟ್ರಾಟೋಸ್ಫಿಯರ್ ಎರಡೂ ಕಾಯ್ಬೇಕಿತ್ತು. ಆಗಿರೋದು ಉಲ್ಟಾ, ಕೆಳಗೆ ಬಿಸಿ ಏರಿದೆ, ಮೇಲೆ ತಣ್ಣಗಾಗಿದೆ. 1970ರ ದಶಕದ ಕೊನೆಯಿಂದ ಸ್ಯಾಟಲೈಟ್‌ಗಳು ಸೂರ್ಯನ ಶಾಖ ಅಳೀತಾನೇ ಇವೆ, ಈ ಬಿಸಿಗೆ ಸರಿಹೋಗೋ ಅಂಥ ಏರಿಕೆ ಏನೂ ಸಿಕ್ಕಿಲ್ಲ. ಜ್ವಾಲಾಮುಖಿ ಮನುಷ್ಯರಿಗಿಂತ ಜಾಸ್ತಿ ಇಂಗಾಲದ ಡೈಆಕ್ಸೈಡ್ ಬಿಡತ್ತೆ ಅಂತ ಬರ್ದಿದೀರ, ಇದಂತೂ ಶುದ್ಧ ತಪ್ಪು, ನಾವು ಬಿಡೋದ್ರಲ್ಲಿ ಅದು ನೂರಕ್ಕೆ ಒಂದು ಪಾಲೂ ಆಗಲ್ಲ. ಎಲ್ಲಿ ಓದಿದ್ರಿ ಅಂತ ಕೇಳಲ್ಲ, ವಾಟ್ಸಾಪ್ ಅಂತ ಗೊತ್ತು.

ಇನ್ನು ಗಾಳೀಲಿ ಹೆಚ್ಚಾಗಿರೋ ಇಂಗಾಲ ನಮ್ಮದೇ ಅಂತ ಹೆಂಗೆ ಹೇಳ್ತೀರಿ ಅಂತೀರಲ್ಲ, ಒಳ್ಳೇ ಪ್ರಶ್ನೆ, ಆದ್ರೆ ಪ್ರಶ್ನೆ ಹಾಕಿ ಎದ್ದು ಹೋಗ್ಬಿಟ್ರಿ, ಉತ್ತರ ಇದೆ. ಹವಾಯಿಯ ಮೌನಾ ಲೋವಾದಲ್ಲಿ 1958ರಲ್ಲಿ ಅಳೆಯೋಕೆ ಶುರು ಮಾಡಿದಾಗ ಗಾಳೀಲಿ ಇಂಗಾಲದ ಡೈಆಕ್ಸೈಡ್ ಹತ್ತು ಲಕ್ಷಕ್ಕೆ ಸುಮಾರು 315 ಪಾಲಿತ್ತು, ಈಗ 420 ದಾಟಿದೆ. ಗಿಡ ಮರದಲ್ಲಿರೋ ಇಂಗಾಲದಲ್ಲಿ ಚೂರು ಕಾರ್ಬನ್-14 ಅನ್ನೋ ವಿಕಿರಣಶೀಲ ಬಗೆ ಇರತ್ತೆ, ಅದು 5,730 ವರ್ಷಕ್ಕೊಮ್ಮೆ ಅರ್ಧ ಆಗತ್ತೆ, ಹಂಗಾಗಿ ಕೋಟ್ಯಂತರ ವರ್ಷ ನೆಲದಡಿ ಬಿದ್ದಿದ್ದ ಕಲ್ಲಿದ್ದಲಲ್ಲಿ ಅದು ಉಳಿದೇ ಇರಲ್ಲ. ಕಲ್ಲಿದ್ದಲು ಉರಿಸಿದಷ್ಟೂ ಗಾಳೀಲಿ ಕಾರ್ಬನ್-14 ತೆಳುವಾಗತ್ತೆ, ಹಾಲಿಗೆ ನೀರು ಬೆರ್ಸಿದ್ರೆ ಲ್ಯಾಕ್ಟೋಮೀಟರ್ ಹೇಳ್ಬಿಡಲ್ವಾ, ಹಂಗೆ. ಹಾನ್ಸ್ ಸ್ಯೂಸ್ ಅನ್ನೋ ವಿಜ್ಞಾನಿ 1950ರ ದಶಕದಲ್ಲೇ ಮರದ ಉಂಗುರಗಳಲ್ಲಿ ಈ ಕಲಬೆರಕೆ ಹಿಡಿದ್ರು. ನಿಮ್ಮ ಎರಡು ಪೇಜ್ ತಕ್ಕಡಿಗಿಂತ ಈ ಒಂದು ಪತ್ತೇದಾರಿ ಕೆಲ್ಸ ಸ್ವಾರಸ್ಯವಾಗಿಲ್ವಾ ಹೇಳಿ.

ವಾದವೇ ಬೇಕು ಅಂದ್ರೆ ಅದಕ್ಕೂ ಜಾಗ ಇದೆ. ಇಂಗಾಲ ದುಪ್ಪಟ್ಟಾದ್ರೆ ಬಿಸಿ ಎಷ್ಟು ಏರತ್ತೆ, ಎರಡೂವರೆ ಡಿಗ್ರೀನಾ ನಾಲ್ಕಾ, ಮೋಡಗಳು ಏನ್ ಮಾಡ್ತವೆ, ಖರ್ಚು ಯಾರು ಕೊಡ್ಬೇಕು, ಅಮೆರಿಕದವನಷ್ಟು ಉರಿಸದೇ ಇರೋ ನಾವು ರಾಯಚೂರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಯಾವಾಗ ಮುಚ್ಬೇಕು. ಇಲ್ಲೆಲ್ಲ ಜನ ನಿಜವಾಗ್ಲೂ ಕಿತ್ತಾಡ್ತಿದಾರೆ.

ಈಗ ಮೊಸರು. ಚಿಕ್ಕವರಿದ್ದಾಗ ಹನುಮಂತನಗರದ ಮನೇಲಿ ಡಿಸೆಂಬರ್ ಬಂದ್ರೆ ಹೆಪ್ಪು ಕೂರ್ತಾನೇ ಇರ್ಲಿಲ್ಲ, ನಿಮ್ಮಮ್ಮ ಪಾತ್ರೆಗೆ ಹಳೇ ಟರ್ಕಿ ಟವೆಲ್ ಸುತ್ತಿ ಅಕ್ಕಿ ಡಬ್ಬದೊಳಗೆ ಇಡೋರು, ಈಗ ಏಪ್ರಿಲಲ್ಲಿ ರಾತ್ರಿ ಹತ್ತಕ್ಕೆ ಹೆಪ್ಪಿಟ್ರೆ ಬೆಳಗಾಗೋಷ್ಟ್ರಲ್ಲಿ ಹುಳಿ ಅಂತ ಬರ್ದಿದೀರ. ಇದನ್ನ ಓದಿ ನಾನು ನಮ್ಮನೆಯವಳಿಗೆ ಜೋರಾಗಿ ಓದಿ ಹೇಳ್ದೆ, ಅವಳು ‘ನಮ್ಮಲ್ಲೂ ಅಕ್ಕಿ ಡಬ್ಬಾನೇ’ ಅಂದ್ಲು. ನಿಮ್ಮ ಇಡೀ ಲೇಖನದಲ್ಲಿ ಕಣ್ಣಲ್ಲಿ ನೋಡಿ ಬರ್ದಿರೋದು ಇದೊಂದೇ.

ಆದ್ರೆ ಮುಂದಿನ ಸಾಲಲ್ಲೇ ‘ಇದೇ ಜಾಗತಿಕ ತಾಪಮಾನ ಏರಿಕೆಗೆ ಪುರಾವೆ’ ಅಂತ ಹಾಳು ಮಾಡಿದೀರ. ಮೊಸರಿಗೆ ಗೊತ್ತಿರೋದು ನಿಮ್ಮ ಅಡುಗೆಮನೆ ಬಿಸಿ ಅಷ್ಟೇ. ಪಕ್ಕದ ಸೈಟಲ್ಲಿ ನಾಲ್ಕಂತಸ್ತು ಎದ್ದಿರಬಹುದು, ಮಹಡಿ ಮೇಲೆ ಶೀಟ್ ಹಾಕ್ಸಿರಬಹುದು, ರಸ್ತೆ ಮರ ಕಡಿದಿರ್ತಾರೆ, ಹಗಲೆಲ್ಲ ಕಾದ ಕಾಂಕ್ರೀಟು ರಾತ್ರಿ ಬಿಸಿ ಬಿಡ್ತಾ ಇರತ್ತೆ. 1850–1900ಕ್ಕೆ ಹೋಲಿಸಿದ್ರೆ 2011–2020ರಲ್ಲಿ ಭೂಮಿಯ ಬಿಸಿ ಏರಿರೋದು ಸುಮಾರು 1.1 ಡಿಗ್ರಿ, ಬೆಂಗಳೂರಿನ ಕೆರೆ ಮುಚ್ಚಿ ನಾವೇ ತಂದ್ಕೊಂಡಿರೋ ಬಿಸಿ ಅದರ ಮೇಲಿನ ಲೆಕ್ಕ. ಎರಡೂ ಮನುಷ್ಯರದ್ದೇ ಕೆಲ್ಸ, ಆದ್ರೆ ಎರಡು ಬೇರೆ ಕೆಲ್ಸ. ಒಂದು ನಮ್ಮ ಬೀದೀದು, ಇನ್ನೊಂದು ಜಗತ್ತಿಂದು. ನಿಮ್ಮ ಲೇಖನ ಇಲ್ಲಿಂದಾನೇ ಶುರುವಾಗ್ಬೇಕು ಅಂತ ನಂಗನ್ಸತ್ತೆ.

ಅಮ್ಮನ್ನ ಕೂರಿಸ್ಕೊಂಡು ಕೇಳಿ, ಟವೆಲ್ ಸುತ್ತೋದು ಯಾವಾಗ ಬಿಟ್ರು, ಮೊದಲ ಫ್ಯಾನ್ ಯಾವ ವರ್ಷ ಬಂತು, ಎದುರಿಗೆ ಏನಿತ್ತು ಈಗ ಏನಿದೆ. ಎಂಟ್ನೂರು ಪದ ಸಾಕು. ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಕಳ್ಸಿ, ಶೀರ್ಷಿಕೆ ಮಾತ್ರ ನೀವಿಡ್ಬೇಡಿ, ನಾನಿಡ್ತೀನಿ.