ಪುಟಕ್ಕೆ ಎಷ್ಟು ಪದ ಗೊತ್ತಿಲ್ಲದಿದ್ದರೆ ಪರವಾಗಿಲ್ಲ?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಹೆಸರು ಬೇರೆ, ಊರು ಬೇರೆ, ಗೋಳು ಒಂದೇ. ಇಂಗ್ಲಿಷ್ ಕಾದಂಬರಿ ಹಿಡಿದೆ, ಪದಗಳನ್ನು ಬರೆದುಕೊಂಡೆ, ಒಂದೂ ನೆನಪಿಲ್ಲ, ಪುಸ್ತಕವೂ ಮುಗಿಯಲಿಲ್ಲ. ಇದಕ್ಕೆ ಹೋದ ವರ್ಷವೇ ಎರಡು ಸಲ ಉತ್ತರ ಕೊಟ್ಟಿದ್ದೇನೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ. ಕತ್ತರಿಸಿ ಇಟ್ಟುಕೊಳ್ಳಿ, ಮತ್ತೆ ಕೇಳಬೇಡಿ.

ಪ್ರಶ್ನೆ: ಮೇಡಂ, ನಾನು ಬಿ.ಕಾಂ. ಎರಡನೇ ವರ್ಷ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ. ಹೊಸ ಪದ ಕಲಿಯೋಣ ಅಂತ ಗ್ಯಾರಿ ಪಾಲ್ಸನ್ ಅವರ ‘ಹ್ಯಾಚೆಟ್’ ಓದಲು ಶುರು ಮಾಡಿದೆ. ಗೊತ್ತಿಲ್ಲದ ಪ್ರತಿ ಪದವನ್ನೂ ಮೊಬೈಲಿನಲ್ಲಿ ನೋಡಿ, ನೋಟ್‌ಬುಕ್ಕಿನಲ್ಲಿ ಕನ್ನಡ ಅರ್ಥ ಬರೆಯುತ್ತೇನೆ. ಹನ್ನೆರಡು ದಿನಕ್ಕೆ ಹದಿನಾಲ್ಕು ಪುಟ ಆಗಿದೆ. 163 ಪದ ಸೇರಿವೆ. ನಿನ್ನೆ ನೋಟ್‌ಬುಕ್ಕಿನ ಮೊದಲ ಪುಟ ತೆಗೆದರೆ ಎಲ್ಲ ಹೊಸದಾಗಿ ಕಂಡಿತು. ನನ್ನ ನೆನಪಿನ ಶಕ್ತಿಯೇ ಕಮ್ಮಿಯಾ? ಬೇರೆ ಪುಸ್ತಕ ಹಿಡಿಯಲಾ?

ಉತ್ತರ: ನಿಮ್ಮ ನೆನಪಿಗೆ ಏನೂ ಆಗಿಲ್ಲ. ನೀವು ಕಾದಂಬರಿ ಓದುತ್ತಿಲ್ಲ, ಅಷ್ಟೇ. ಡಿಕ್ಷನರಿ ಓದುತ್ತಿದ್ದೀರಿ. ನಡುನಡುವೆ ಕಾದಂಬರಿಯ ಕಡೆ ಕಣ್ಣು ಹಾಯಿಸುತ್ತಿದ್ದೀರಿ.

ಮೊದಲು ಲೆಕ್ಕ. 163 ಪದ, ಹದಿನಾಲ್ಕು ಪುಟ. ಪುಟಕ್ಕೆ ಹನ್ನೆರಡರ ಹತ್ತಿರ. ಇಂಥ ಪುಸ್ತಕದಲ್ಲಿ ಒಂದು ಪುಟಕ್ಕೆ ಸುಮಾರು 250 ಪದ ಅಂದುಕೊಳ್ಳಿ. ಎಷ್ಟು ಪದ ಗೊತ್ತಿದ್ದರೆ ಕಥೆ ಯಾರ ಸಹಾಯವೂ ಇಲ್ಲದೆ ಅರ್ಥವಾಗುತ್ತದೆ ಅಂತ 2000ರಲ್ಲಿ ಹು ಮತ್ತು ಪಾಲ್ ನೇಷನ್ ಅನ್ನುವ ಇಬ್ಬರು ಭಾಷಾ ಸಂಶೋಧಕರು ಪರೀಕ್ಷೆ ಮಾಡಿ ನೋಡಿದ್ದರು. ಅವರಿಗೆ ಸಿಕ್ಕಿದ ಉತ್ತರ ನೂರಕ್ಕೆ 98. ನೂರರಲ್ಲಿ 80 ಪದ ಮಾತ್ರ ಗೊತ್ತಿದ್ದವರಲ್ಲಿ ಒಬ್ಬರಿಗೂ ಕಥೆ ಸರಿಯಾಗಿ ದಕ್ಕಲಿಲ್ಲ. ಅಂದರೆ ನಿಮ್ಮ ಪುಟದಲ್ಲಿ ಐದು ಪದ ಗೊತ್ತಿಲ್ಲದಿದ್ದರೆ ಆರಾಮ. ಹನ್ನೆರಡು ಅಂದರೆ ಏದುಸಿರು. ಇಪ್ಪತ್ತು ದಾಟಿದರೆ ಪುಸ್ತಕ ಮುಚ್ಚಿ, ಇನ್ನೂ ಸುಲಭದ್ದು ಹಿಡಿಯಿರಿ. ಅದರಲ್ಲಿ ಅವಮಾನ ಏನಿಲ್ಲ.

ಆದರೂ ನಿಮಗೆ ಈ ಪುಸ್ತಕ ಬಿಡಿ ಅನ್ನುವುದಿಲ್ಲ. ಕಾರಣ ನೀವೇ ಕಳಿಸಿದ ಪಟ್ಟಿಯಲ್ಲಿದೆ. ರಡ್ಡರ್, ಕಾಕ್‌ಪಿಟ್, ಥ್ರಾಟಲ್. ಎಲ್ಲ ವಿಮಾನದ ಪದಗಳು. ಈ ಕಾದಂಬರಿ ಶುರುವಾಗುವುದೇ ಒಂದು ಸಣ್ಣ ವಿಮಾನದೊಳಗೆ. ಹದಿಮೂರು ವರ್ಷದ ಬ್ರಯಾನ್, ಪಕ್ಕದಲ್ಲಿ ಪೈಲಟ್. ಪೈಲಟ್‌ಗೆ ಹಾರ್ಟ್ ಅಟ್ಯಾಕ್ ಆಗುತ್ತದೆ, ವಿಮಾನ ಕೆನಡಾದ ಕಾಡಿನ ಕೆರೆಗೆ ಬೀಳುತ್ತದೆ. ಅಲ್ಲಿಗೆ ವಿಮಾನದ ಪದಗಳ ಕೆಲಸ ಹೆಚ್ಚುಕಡಿಮೆ ಮುಗಿಯಿತು. ಅವನ್ನು ನೀವು ಹನ್ನೆರಡು ದಿನ ಕೂತು ಬರೆದುಕೊಂಡಿದ್ದೀರಿ! ಬಸ್ಸಿನಲ್ಲಿ ಒಂದು ಸ್ಟಾಪು ದೂರ ಹೋಗುವವರು ಪಕ್ಕದ ಸೀಟಿನವರ ವಂಶಾವಳಿ ಕೇಳಿದ ಹಾಗೆ. ‘ವಿಮಾನದ ಏನೋ ಒಂದು ಭಾಗ’ ಅಂದುಕೊಂಡು ಮುಂದೆ ಹೋಗಬೇಕಿತ್ತು.

ಮುಂದೆ ಹೋದರೆ ಏನು ಸಿಗುತ್ತದೆ ಅಂತ ಹೇಳುತ್ತೇನೆ. ಹುಡುಗನ ಹತ್ತಿರ ಉಳಿದಿರುವುದು ಅಮ್ಮ ಕೊಟ್ಟ ಒಂದು ಕೈಗೊಡಲಿ. ಅದೇ ಹ್ಯಾಚೆಟ್. ಒಂದು ರಾತ್ರಿ ಅವನು ಮಲಗುವ ಜಾಗಕ್ಕೆ ಯಾವುದೋ ಪ್ರಾಣಿ ನುಗ್ಗುತ್ತದೆ. ಕತ್ತಲಲ್ಲಿ ಅವನು ಕೊಡಲಿ ಬೀಸಿ ಎಸೆಯುತ್ತಾನೆ. ಅದು ಬಂಡೆಗೆ ಬಡಿದು ಕಿಡಿ ಹಾರುತ್ತದೆ. ಕಾಲಿಗೆ ಏನೋ ಚುಚ್ಚಿ ನೋವು. ಇಲ್ಲಿ ‘ಪೋರ್ಕ್ಯುಪೈನ್’ ಬರುತ್ತದೆ, ‘ಕ್ವಿಲ್’ ಬರುತ್ತದೆ. ಮೊದಲನೆಯದನ್ನು ಡಿಕ್ಷನರಿಯಲ್ಲಿ ನೋಡಿದಿರಿ ಅಂತಿಟ್ಟುಕೊಳ್ಳಿ: ಮುಳ್ಳುಹಂದಿ. ಎರಡನೆಯದನ್ನು ನೋಡುವ ಅಗತ್ಯವೇ ಇಲ್ಲ. ಮುಳ್ಳುಹಂದಿ ಕಾಲಿಗೆ ಚುಚ್ಚಿದ್ದು ಮುಳ್ಳಲ್ಲದೆ ಇನ್ನೇನು? ಕನ್ನಡವೇ ಅರ್ಥ ಹೇಳಿಬಿಟ್ಟಿತು.

ಆಮೇಲೆ ಅವನಿಗೆ ಕಿಡಿಯಿಂದ ಬೆಂಕಿ ಮಾಡುವ ಯೋಚನೆ ಬರುತ್ತದೆ. ಒಣಹುಲ್ಲು ಇಡುತ್ತಾನೆ, ಹತ್ತುವುದಿಲ್ಲ. ಜೇಬಿನಲ್ಲಿದ್ದ ಇಪ್ಪತ್ತು ಡಾಲರ್ ನೋಟನ್ನೇ ಚೂರು ಚೂರು ಮಾಡಿ ಇಡುತ್ತಾನೆ, ಅದೂ ಹತ್ತುವುದಿಲ್ಲ. ಕೊನೆಗೆ ಬರ್ಚ್ ಮರದ ತೊಗಟೆಯನ್ನು ಎಳೆ ಎಳೆಯಾಗಿ ಸೀಳಿ ಗೂಡು ಮಾಡಿ, ಊದಿ, ಬೆಂಕಿ ಹಚ್ಚುತ್ತಾನೆ. ಕಿಡಿಗೆ ‘ಸ್ಪಾರ್ಕ್’, ತೊಗಟೆಗೆ ‘ಬಾರ್ಕ್’. ಈ ಎರಡು ಪದ ಆ ಪುಟಗಳಲ್ಲಿ ಎಷ್ಟು ಸಲ ಬರುತ್ತವೆ ಅಂದರೆ, ಬೇಡ ಅಂದರೂ ತಲೆಯಲ್ಲಿ ಕೂರುತ್ತವೆ. ‘ಬಾರ್ಕ್’ ಅಂದರೆ ನಾಯಿ ಬೊಗಳುವುದು ಅಂತ ಮಾತ್ರ ನಿಮಗೆ ಗೊತ್ತಿತ್ತು, ಅಲ್ವಾ? ಅಲ್ಲಿ ನಾಯಿಯೇ ಇಲ್ಲ. ಮರವಿದೆ, ಬೆರಳಿದೆ, ಸೀಳುವುದಿದೆ. ಇನ್ನೇನಿರಲು ಸಾಧ್ಯ?

ಈ ಬರಹಗಾರರ ಒಂದು ಚಾಳಿ ನಿಮ್ಮಂಥವರಿಗೆ ವರ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಸಣ್ಣ ವಾಕ್ಯ, ಅದೇ ಪದ, ಮತ್ತೆ ಅದೇ ಪದ. ದೊಡ್ಡವರ ಕಾದಂಬರಿಯಾಗಿದ್ದರೆ ವಿಮರ್ಶಕರು ಮೂಗು ಮುರಿಯುತ್ತಿದ್ದರೇನೋ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಹರೆಯದವರಿಗಾಗಿ ಬರೆದ ಕಾದಂಬರಿಯನ್ನು ನಾನು ಮೊದಲು ಕೊಡುವುದು ಇದಕ್ಕೇ. ಒಬ್ಬ ಹುಡುಗ, ಒಂದು ಜಾಗ, ಒಂದು ಕಷ್ಟ. ಹಾಗಾಗಿ ಪದಗಳೂ ಸುತ್ತಿ ಸುತ್ತಿ ಅವೇ ಬರುತ್ತವೆ.

ಇನ್ನು ಕೆಲಸದ ಮಾತು. ಹೊಸ ಪದ ಮೊದಲ ಸಲ ಬಂದರೆ ದಾಟಿ ಹೋಗಿ. ಎರಡನೇ ಸಲ ಬಂದರೆ ಪೆನ್ಸಿಲಿನಲ್ಲಿ ಕೆಳಗೆ ಸಣ್ಣ ಚುಕ್ಕೆ. ಮೂರನೇ ಸಲವೂ ಬಂತು, ಇನ್ನೂ ಅರ್ಥವಾಗಿಲ್ಲ ಅಂದರೆ ಅಧ್ಯಾಯ ಮುಗಿದ ಮೇಲೆ ಡಿಕ್ಷನರಿ ತೆಗೆಯಿರಿ. ನಡುವೆ ಅಲ್ಲ. ಆ ಒಂದು ಪದ ಗೊತ್ತಾಗದೆ ಕಥೆಯೇ ನಿಂತುಹೋಗಿದ್ದರೆ ಮಾತ್ರ ಅಲ್ಲೇ ನೋಡಿ. ನೋಟ್‌ಬುಕ್ಕಿನಲ್ಲಿ ಪದ ಮತ್ತು ಅರ್ಥ ಅಂತ ಎರಡು ಕಾಲಂ ಗೆರೆ ಎಳೆಯಬೇಡಿ. ಅದು ಬಂದ ಪೂರ್ತಿ ವಾಕ್ಯ ಬರೆಯಿರಿ. ದಿನಕ್ಕೆ ನಾಲ್ಕು ವಾಕ್ಯ ಸಾಕು. ಅರ್ಥ ಬರೆಯಲೇಬೇಕು ಅನ್ನಿಸಿದರೆ ನಿಮ್ಮ ಮನೆಯ ಮಾತಿನಲ್ಲೇ ಬರೆಯಿರಿ. ‘ಕಿಂಡ್ಲಿಂಗ್’ ಅನ್ನುವ ಪದ ಸಿಕ್ಕರೆ ಅದಕ್ಕೆ ಭಾರದ ಅರ್ಥ ಏನೂ ಬೇಡ. ಒಲೆ ಹಚ್ಚುವ ಪುಳ್ಳೆ. ‘ಫ್ಲಿಂಟ್’ ಸಿಕ್ಕರೆ ಚಕಮಕಿ ಕಲ್ಲು. ಸೌದೆ ಒಲೆ ಊದಿದವರಿಗೆ ಈ ಪುಸ್ತಕದ ಅರ್ಧ ಕಾಡು ಆಗಲೇ ಗೊತ್ತು. ಹೆಸರು ಮಾತ್ರ ಗೊತ್ತಿಲ್ಲ.

ಒಂದು ಎಚ್ಚರಿಕೆ. ‘ಸಂದರ್ಭ ನೋಡಿ ಊಹಿಸಿ’ ಅಂತ ಎಲ್ಲರೂ ಹೇಳುತ್ತಾರೆ. ನಾನೂ ಈಗ ತಾನೇ ಹೇಳಿದೆ. ಆದರೆ ಮೋಸ ಮಾಡುವುದು ಗೊತ್ತಿಲ್ಲದ ಪದವಲ್ಲ, ಗೊತ್ತಿದೆ ಅಂದುಕೊಂಡ ಪದ. ‘ಹಿ ಹಾರ್ಡ್ಲಿ ವರ್ಕ್ಡ್’ ಅಂದರೆ ‘ಕಷ್ಟಪಟ್ಟು ಕೆಲಸ ಮಾಡಿದ’ ಅಂತ ಬರೆಯುವವರು ನನ್ನ ಕ್ಲಾಸಿನಲ್ಲಿ ಪ್ರತಿ ವರ್ಷ ಸಿಗುತ್ತಿದ್ದರು. ಅರ್ಥ ಪೂರಾ ಉಲ್ಟಾ. ಅವನು ಕೆಲಸ ಮಾಡಿದ್ದೇ ಅಪರೂಪ. ‘ಗಿವ್ ಅಪ್’ನಲ್ಲಿ ಕೊಡುವುದೂ ಇಲ್ಲ, ಮೇಲೂ ಇಲ್ಲ. ‘ಪುಟ್ ಅಪ್ ವಿತ್’ನ ಮೂರು ತುಂಡನ್ನು ಬೇರೆ ಬೇರೆ ಹುಡುಕಿದರೆ ರಾತ್ರಿ ಬೆಳಗಾದರೂ ‘ಸಹಿಸಿಕೊಳ್ಳು’ ಸಿಗುವುದಿಲ್ಲ. ಕಾಡಿನ ಕಥೆಯಲ್ಲಂತೂ ಹುಷಾರು. ‘ಐ ಕಾಂಟ್ ಬೇರ್ ಇಟ್’ ಅನ್ನುವಲ್ಲಿ ಕರಡಿ ಇಲ್ಲ. ಪ್ರತಿ ಪದ ಗೊತ್ತಿದ್ದೂ ವಾಕ್ಯ ಅರ್ಥವಾಗಲಿಲ್ಲ ಅಂದರೆ, ಅಂಥ ಕಡೆ ಡಿಕ್ಷನರಿ ನೋಡಿ. ಅದು ಖರ್ಚು ಮಾಡಬೇಕಾದ ಸಮಯ.

ಇನ್ನೊಂದು. ಹರೆಯದವರ ಯಾವ ಇಂಗ್ಲಿಷ್ ಕಾದಂಬರಿ ತೆಗೆದರೂ ಪಾತ್ರಗಳು ‘ಶ್ರಗ್’ ಮಾಡುತ್ತಲೇ ಇರುತ್ತವೆ. ಭುಜ ಮೇಲೆತ್ತುವುದು ಅನ್ನುತ್ತದೆ ಡಿಕ್ಷನರಿ. ಅದನ್ನು ಬರೆದುಕೊಂಡು ಏನು ಮಾಡುತ್ತೀರಿ? ನಮ್ಮ ಹುಡುಗರು ಅದೇ ಜಾಗದಲ್ಲಿ ತುಟಿ ಮುಂದೆ ಮಾಡಿ ‘ಯಾರಿಗ್ಗೊತ್ತು’ ಅನ್ನುತ್ತಾರೆ. ಅದೇ ಶ್ರಗ್. ಹತ್ತು ಸಲ ಹತ್ತು ಹುಡುಗರು ಮಾಡುವುದನ್ನು ಓದಿದರೆ ಗೊತ್ತಾಗುತ್ತದೆ, ಒಂದು ಸಲ ಅರ್ಥ ನೋಡಿದರೆ ಅಲ್ಲ.

ಆಸೆಯನ್ನೂ ಸ್ವಲ್ಪ ಇಳಿಸಿಕೊಳ್ಳಿ. ಓಮನ್‌ನ ವಿದ್ಯಾರ್ಥಿಗಳಿಗೆ ಸರಳಗೊಳಿಸಿದ ಒಂದು ಇಡೀ ಇಂಗ್ಲಿಷ್ ಕಾದಂಬರಿ ಓದಿಸಿ ಮಾಡಿದ ಅಧ್ಯಯನ 1998ರಲ್ಲಿ ಬಂತು. ಪರೀಕ್ಷಿಸಿದ ಪದಗಳಲ್ಲಿ ಅವರು ಹೊಸದಾಗಿ ಕಲಿತದ್ದು ಸರಾಸರಿ ಐದು. ಐನೂರಲ್ಲ, ಐದು. ಜಾಸ್ತಿ ಸಲ ಬಂದ ಪದಗಳೇ ಜಾಸ್ತಿ ಉಳಿದಿದ್ದವು. ಬೇಜಾರಾಗಬೇಡಿ. ಒಂದು ಪುಸ್ತಕದಿಂದ ಭಂಡಾರ ತುಂಬುವುದಿಲ್ಲ. ‘ಹ್ಯಾಚೆಟ್’ ಮುಗಿಸಿ ಅದೇ ಹುಡುಗನ ಮುಂದಿನ ಕಥೆಗಳನ್ನು ಓದಿ. ಅದೇ ಕಾಡು, ಅದೇ ಪದಗಳು, ಮರೆಯಲು ಬಿಡುವುದಿಲ್ಲ. 163 ಪದದ ನೋಟ್‌ಬುಕ್ಕನ್ನು ಸದ್ಯ ಅಟ್ಟಕ್ಕೆ ಹಾಕಿ.

ಪ್ರಶ್ನೆ: ನಮ್ಮೂರಿನ ಕೋಚಿಂಗ್ ಸೆಂಟರಿನಲ್ಲಿ ಹದಿನೈದು ದಿನಕ್ಕೆ ಸಾವಿರ ಇಂಗ್ಲಿಷ್ ಪದ ಕಲಿಸುತ್ತಾರಂತೆ. ಸೇರಬಹುದಾ?

ಉತ್ತರ: ದುಡ್ಡು ಜಾಸ್ತಿಯಾಗಿದ್ದರೆ ಸೇರಿ. ಇಂಥದ್ದೇ ಒಂದು ಕಡೆಯ ಪುಸ್ತಿಕೆಯನ್ನು ನನ್ನ ಅಣ್ಣನ ಮಗ ತಂದು ತೋರಿಸಿದ. ಎ ಅಕ್ಷರದಿಂದ ಶುರು, ಝಡ್‌ನಲ್ಲಿ ಮುಗಿತಾಯ, ನಡುವೆ ಒಂದು ವಾಕ್ಯವೂ ಇಲ್ಲ. ಹರ್ಮನ್ ಎಬ್ಬಿಂಗ್‌ಹಾಸ್ ಅನ್ನುವ ಜರ್ಮನ್ ಮನಶ್ಶಾಸ್ತ್ರಜ್ಞ 1885ರಲ್ಲೇ ಅರ್ಥವಿಲ್ಲದ ಅಕ್ಷರದ ತುಂಡುಗಳನ್ನು ತಾನೇ ಬಾಯಿಪಾಠ ಮಾಡಿ, ಅವು ಎಷ್ಟು ಬೇಗ ಮರೆತುಹೋಗುತ್ತವೆ ಅಂತ ಲೆಕ್ಕ ಇಟ್ಟು ತೋರಿಸಿದ. ಕಥೆಯೂ ಇಲ್ಲದ, ವಾಕ್ಯವೂ ಇಲ್ಲದ ಪಟ್ಟಿ ನಿಮ್ಮ ಪಾಲಿಗೆ ಹೆಚ್ಚುಕಡಿಮೆ ಅಂಥ ತುಂಡುಗಳೇ. ಹದಿನಾರನೇ ದಿನ ಏನು ಉಳಿಯುತ್ತದೆ ಅಂತ ಆ ಸೆಂಟರಿನವರನ್ನೇ ಕೇಳಿ.

ಪ್ರಶ್ನೆ: ಹ್ಯಾರಿ ಪಾಟರ್‌ನಿಂದ ಶುರು ಮಾಡಬಹುದಾ?

ಉತ್ತರ: ಮೊದಲನೇ ಪುಸ್ತಕವಾಗಿ ಬೇಡ. ಅದರಲ್ಲಿನ ಎಷ್ಟೋ ಪದ ಲೇಖಕಿಯೇ ಹುಟ್ಟಿಸಿದ್ದು. ಯಾವುದು ನಿಜವಾದ ಇಂಗ್ಲಿಷ್, ಯಾವುದು ಮಾಯಾಲೋಕದ್ದು ಅಂತ ಗೊತ್ತಾಗದೆ ಒದ್ದಾಡುತ್ತೀರಿ. ಐದನೆಯ ಪುಸ್ತಕವಂತೂ 700 ಪುಟ ದಾಟುತ್ತದೆ. ನಾಲ್ಕೈದು ಸಣ್ಣ ಕಾದಂಬರಿ ಮುಗಿಸಿ ಬನ್ನಿ.

ಪ್ರಶ್ನೆ: ಸಿನಿಮಾ ಮೊದಲು ನೋಡಿ ಆಮೇಲೆ ಕಾದಂಬರಿ ಓದಿದರೆ ತಪ್ಪಾ?

ಉತ್ತರ: ತಪ್ಪೇನಿಲ್ಲ, ಕಥೆ ಗೊತ್ತಿದ್ದರೆ ಪದ ಊಹಿಸುವುದು ಸುಲಭ.

ಪ್ರಶ್ನೆ: ನನಗೆ 46 ವರ್ಷ. ಬಸ್ಸಿನಲ್ಲಿ ಮಕ್ಕಳ ಪುಸ್ತಕ ಹಿಡಿದರೆ ನಾಚಿಕೆ.

ಉತ್ತರ: ನ್ಯೂಸ್ ಪೇಪರ್ ಬೈಂಡ್ ಹಾಕಿ.

ಪ್ರಶ್ನೆ: ಮಗಳು ಇಂಗ್ಲಿಷ್ ಮೀಡಿಯಂ. ಇಂಗ್ಲಿಷ್ ಕಾದಂಬರಿ ಗಟಗಟ ಕುಡಿಯುತ್ತಾಳೆ, ಕನ್ನಡದ ಒಂದು ಪುಟ ಓದಲು ಅರ್ಧ ಗಂಟೆ. ಏನು ಕೊಡಲಿ?

ಉತ್ತರ: ನೀತಿಕಥೆ ಕೊಡಬೇಡಿ. ಹದಿನೈದು ವರ್ಷದವಳಿಗೆ ನರಿ ದ್ರಾಕ್ಷಿ ಕಥೆ ಕೊಟ್ಟರೆ ಕನ್ನಡ ಅಂದರೆ ಚಿಕ್ಕವರದ್ದು ಅಂದುಕೊಳ್ಳುತ್ತಾಳೆ. ತೇಜಸ್ವಿಯವರ ‘ಕರ್ವಾಲೊ’ ಕೊಡಿ. 1980ರ ಪುಸ್ತಕ, ಮಲೆನಾಡಿನ ಕಾಡು, ಹಾರುವ ಓತಿಯ ಹುಡುಕಾಟ. ಮೊದಲ ಇಪ್ಪತ್ತು ಪುಟ ನೀವೇ ಗಟ್ಟಿಯಾಗಿ ಓದಿ ಹೇಳಿ, ಅವಳು ಪುಸ್ತಕ ನೋಡುತ್ತಾ ಕೇಳಲಿ. ಪದ ಗೊತ್ತಾಗದಿದ್ದರೆ ಅಜ್ಜಿ ಇದ್ದಾರಲ್ಲ. ಅಜ್ಜಿಗೂ ಗೊತ್ತಿಲ್ಲದಿದ್ದರೆ ವಿ. ಕೃಷ್ಣ ಅವರ ‘ಅಲರ್’ ಕನ್ನಡ–ಇಂಗ್ಲಿಷ್ ನಿಘಂಟು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಇದೆ. ಓದುವಾಗ ಉಚ್ಚಾರ ತಪ್ಪಿದರೆ ನಗಬೇಡಿ. ನಕ್ಕರೆ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ಪದದ ಮೇಲೆಯೇ ಅರ್ಥ ಬರೆದುಕೊಳ್ಳುವುದು ಒಳ್ಳೆಯದಲ್ಲವೇ? ನಮ್ಮ ಮೇಷ್ಟ್ರು ಹಾಗೇ ಹೇಳಿಕೊಟ್ಟಿದ್ದರು.

ಉತ್ತರ: ನನಗೂ ಹಾಗೇ ಹೇಳಿಕೊಟ್ಟಿದ್ದರು. ಪಿಯುಸಿಯಲ್ಲಿ ಇಡೀ ಪಠ್ಯಪುಸ್ತಕದ ಮೇಲೆ ಇರುವೆ ಸಾಲಿನ ಹಾಗೆ ಕನ್ನಡ ಬರೆದಿದ್ದೆ. ಎರಡನೇ ಸಲ ಓದುವಾಗ ಕಣ್ಣು ಹೋಗುತ್ತಿದ್ದದ್ದು ಆ ಇರುವೆಗಳ ಮೇಲೇ. ಕೆಳಗಿನ ಇಂಗ್ಲಿಷ್ ಪದ ಕಾಣಿಸುತ್ತಲೇ ಇರಲಿಲ್ಲ. ಲೈಬ್ರರಿ ಪುಸ್ತಕವಾದರಂತೂ ದಯವಿಟ್ಟು ಬೇಡ, ಚುಕ್ಕೆಯೂ ಬೇಡ. ಹೋದ ವಾರ ನಾನು ತಂದ ಒಂದು ಕಾದಂಬರಿಯಲ್ಲಿ ಯಾರೋ ಪುಣ್ಯಾತ್ಮರು ನೀಲಿ ಪೆನ್ನಿನಲ್ಲಿ ಪ್ರತಿ ಸಾಲಿನ ಮೇಲೂ ಅರ್ಥ ಬರೆದಿದ್ದಾರೆ, ಮುತ್ತಿನಂಥ ಅಕ್ಷರ. ಒಂಬತ್ತನೇ ಪುಟದವರೆಗೆ. ಹತ್ತನೇ ಪುಟದಿಂದ ಪುಸ್ತಕ ಹೊಚ್ಚ ಹೊಸದು.